ಹಲ್ಲಿಗೆ ಕ್ಯಾಪ್ ಹಾಕಿಸುವ ಮುಂಚೆ

ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಕ್ಯಾಪ್ ಬೇಕಾ? ಸಾಮಾನ್ಯವಾಗಿ ಬೇಕು. ನಾನು ಎರಡು ತಿಂಗಳು ತಡ ಮಾಡಿದೆ. ಗಾಂಧಿ ಬಜಾರಿನಿಂದ ತಂದ ಕೋಡುಬಳೆ ಕಡಿದೆ, ಕಟ್ ಅಂತ ಸದ್ದಾಯಿತು. ಹಲ್ಲಿನ ಒಂದು ಮೂಲೆ ಅಂಗೈಗೆ ಬಂತು. ನೋವೇ ಇರಲಿಲ್ಲ, ನರ ತೆಗೆದಿದ್ದರಲ್ಲ.

ಸಣ್ಣ ಹುಳುಕಾದರೆ ಅವಸರ ಬೇಡ. ಕ್ಯಾಪ್‌ಗಾಗಿ ಹಲ್ಲನ್ನು ಸುತ್ತಲೂ ಉಜ್ಜಿ ಸಣ್ಣ ಮಾಡುತ್ತಾರೆ, ಉಜ್ಜಿದ್ದು ಮತ್ತೆ ಬೆಳೆಯಲ್ಲ. "ಫಿಲ್ಲಿಂಗ್ ಸಾಕಾಗಲ್ವಾ ಡಾಕ್ಟ್ರೇ?" ಅಂತ ಕೇಳಿ, ಎಕ್ಸ್‌ರೇ ತೋರಿಸಿ ಅನ್ನಿ.

ಮೊದಲ ದಿನ ಮರಗಟ್ಟಿಸುವ ಇಂಜೆಕ್ಷನ್, ಉಜ್ಜುವುದು, ಅಚ್ಚು ತೆಗೆಯುವುದು, ತಾತ್ಕಾಲಿಕ ಕ್ಯಾಪ್. ಮರಗಟ್ಟಿದ್ದು ಬಿಡುವವರೆಗೆ ಏನೂ ತಿನ್ನಬೇಡಿ, ಕೆನ್ನೆ ಕಚ್ಚಿಕೊಳ್ಳುತ್ತೀರಿ. ಕಾಯಂ ಕ್ಯಾಪ್ ಬರುವವರೆಗೆ ಆ ಕಡೆ ಚಿಕ್ಕಿ ಬೇಡ.

ಕೂರಿಸುವ ದಿನ ಕ್ಯಾಪ್ ಎತ್ತರವಾಗಿದೆಯಾ ಅಂತ ನೋಡಲು ಬಣ್ಣದ ಕಾಗದ ಕಚ್ಚಿಸುತ್ತಾರೆ. ಅಲ್ಲಿ ಮಾತ್ರ ಸಂಕೋಚ ಬೇಡ. ಕೂದಲೆಳೆಯಷ್ಟು ಎತ್ತರ ಅನ್ನಿಸಿದರೂ ಹೇಳಿ. ನಾನು ಸುಮ್ನೆ "ಸರಿಯಿದೆ" ಅಂದುಬಿಟ್ಟೆ. ಮೂರು ದಿನ ಅನ್ನ ಅಗಿದರೂ ದವಡೆ ನೋಯುತ್ತಿತ್ತು. ವಾಪಸ್ ಹೋದಾಗ ಐದೇ ನಿಮಿಷದಲ್ಲಿ ಉಜ್ಜಿ ಸರಿಮಾಡಿದರು.

ಬೆಲೆ ಕ್ಯಾಪ್‌ನ ಬಗೆಯ ಮೇಲೆ. ಲೋಹದ ಮೇಲೆ ಸೆರಾಮಿಕ್ ಇರುವುದಕ್ಕಿಂತ ಜಿರ್ಕೋನಿಯಾ (ಲೋಹವಿಲ್ಲದ ಗಟ್ಟಿ ಸೆರಾಮಿಕ್) ಸಾಮಾನ್ಯವಾಗಿ ಜಾಸ್ತಿ. ದವಡೆಗೆ ಎರಡೂ ನಡೆಯುತ್ತದೆ. ದುಡ್ಡಿನ ಚಿಂತೆಯಿದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಪಕ್ಕದ ಸರ್ಕಾರಿ ದಂತ ಕಾಲೇಜಿನಲ್ಲಿ ಮೊದಲು ವಿಚಾರಿಸಿ.

ಕ್ಯಾಪ್ ಹುಳುಕಾಗಲ್ಲ, ಅಂಚಿನ ಕೆಳಗಿನ ಹಲ್ಲು ಹುಳುಕಾಗುತ್ತದೆ. ರಾತ್ರಿ ಒಸಡಿನ ಗೆರೆಯಲ್ಲಿ ನಿಧಾನವಾಗಿ ಉಜ್ಜಿ.