ಶೂ ಡಬ್ಬದಲ್ಲಿ ರೇಷ್ಮೆ ಹುಳು ಸಾಕುವುದು ಹೇಗೆ?

ನಮ್ಮದು ಮಳವಳ್ಳಿ ಕಡೆ ಊರು. ಮನೆಯಲ್ಲಿ ರೇಷ್ಮೆ ಬೆಳೆ ಇದ್ದೇ ಇರುತ್ತದೆ. ಮೈಸೂರಿನ ತಂಗಿ ಮಗಳಿಗೆ ರಜೆಯಲ್ಲಿ ಒಂದು ಹಿಡಿ ಹುಳು ಕಟ್ಟಿಕೊಡುತ್ತೇನೆ. ನಿಮ್ಮ ಮಕ್ಕಳಿಗೂ ಹುಳು ಚಿಟ್ಟೆಯಾಗುವುದನ್ನು ತೋರಿಸಬೇಕಾ? ಹೀಗೆ ಮಾಡಿ.

ಮೊಟ್ಟೆಯಿಂದ ಶುರು ಮಾಡಬೇಡಿ. ಆಗತಾನೇ ಒಡೆದ ಹುಳು ಬರೀ 3 ಮಿಲಿಮೀಟರ್ ಇರುತ್ತದೆ, ಹೊಸಬರ ಕೈಯಲ್ಲಿ ಉಳಿಯುವುದು ಕಷ್ಟ. ಮರಿಹುಳು ಸಾಕಿ ರೈತರಿಗೆ ಕೊಡುವ ಚಾಕಿ ಕೇಂದ್ರದಲ್ಲಿ ಎರಡನೇ ಜ್ವರದಿಂದ (ಪೊರೆ ಬಿಡುವಾಗಿನ ನಿದ್ದೆಗೆ ನಾವು ಜ್ವರ ಅನ್ನುತ್ತೇವೆ) ಎದ್ದ ಹುಳು ಸಿಗುತ್ತದೆ. ಇಪ್ಪತ್ತು ಹುಳು ಸಾಕು. ಒಂದು ಹುಳು ಜನ್ಮಕ್ಕೆಲ್ಲ ತಿನ್ನುವುದು 20ರಿಂದ 25 ಗ್ರಾಂ ಸೊಪ್ಪು. ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಕೊನೆಯ ಒಂದು ವಾರದಲ್ಲೇ ಖಾಲಿ! ಹಾಗಾಗಿ ಮೊದಲು ಹಿಪ್ಪುನೇರಳೆ ಗಿಡ ಎಲ್ಲಿದೆ ನೋಡಿಕೊಳ್ಳಿ, ಆಮೇಲೆ ಹುಳು ತನ್ನಿ. ಔಷಧಿ ಹೊಡೆದ ಸೊಪ್ಪು ಬೇಡ, ಒದ್ದೆ ಸೊಪ್ಪೂ ಬೇಡ.

ಡಬ್ಬಕ್ಕೆ ಪೇಪರ್ ಹಾಸಿ, ಬಾಯಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ. ಇಲ್ಲದಿದ್ದರೆ ಊಜಿ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಹೋಗುತ್ತದೆ, ಅದರ ಮರಿ ಹುಳುವನ್ನು ಒಳಗಿಂದ ತಿನ್ನುತ್ತದೆ. ಆ ರೂಮಿನಲ್ಲಿ ಸೊಳ್ಳೆ ಬತ್ತಿಯನ್ನಂತೂ ಹಚ್ಚಲೇಬೇಡಿ.

ಹೊಸಬರು ಎಡವುವುದು ಜ್ವರದಲ್ಲಿ. ಹುಳು ಒಟ್ಟು ನಾಲ್ಕು ಸಲ ಪೊರೆ ಬಿಡುತ್ತದೆ, ನಿಮ್ಮ ಮನೆಯಲ್ಲಿ ಎರಡು ಸಲ. ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತುಬಿಡುತ್ತದೆ. ಮೈ ಬಿಗಿದು ಹೊಳೆಯುತ್ತದೆ. ಹತ್ತಿರದಿಂದ ನೋಡಿದರೆ ಹಳೇ ತಲೆಯ ಹಿಂದೆ ಚರ್ಮದಡಿ ಒಂದು ಸಣ್ಣ ಕಂದು ತ್ರಿಕೋನ ಕಾಣುತ್ತದೆ. ಅದೇ ಹೊಸ ತಲೆ. "ದೊಡ್ಡಮ್ಮ, ಸತ್ತೋಯ್ತಾ?" ಅಂತ ನನಗೆ ಫೋನ್ ಬರುವುದು ಆಗಲೇ. ಸತ್ತಿಲ್ಲ, ಸುಮ್ನೆ ಬಿಡಿ. ಒಂದೆರಡು ಎಳೆ ರೇಷ್ಮೆ ಬಿಟ್ಟು ಅದು ಕಾಲನ್ನು ಹಾಸಿಗೆಗೆ ಅಂಟಿಸಿಕೊಂಡಿರುತ್ತದೆ. ನೀವು ಎತ್ತಿದರೆ ಹಿಡಿತ ತಪ್ಪಿ, ಪೊರೆ ಕಳಚಲಾಗದೆ ಒದ್ದಾಡುತ್ತದೆ. ಹೆಚ್ಚುಕಮ್ಮಿ ಒಂದು ದಿನಕ್ಕೆ ಏಳುತ್ತದೆ. ಮೊದಲು ಎದ್ದದ್ದು ಹಸಿದು ತಲೆ ಆಡಿಸಿದರೂ ಮರುಗಬೇಡಿ. ಎಲ್ಲವೂ ಎದ್ದ ಮೇಲೇ ಸೊಪ್ಪು ಹಾಕಿ. ಇಲ್ಲದಿದ್ದರೆ ಒಂದು ದಪ್ಪ, ಒಂದು ಸಣ್ಣ ಆಗಿ, ಮುಂದಿನ ಜ್ವರವೂ ಹಿಂದುಮುಂದಾಗುತ್ತದೆ.

ತಂದು ಎರಡೂವರೆ ವಾರದ ಹೊತ್ತಿಗೆ ಹುಳು ಹಣ್ಣಾಗುತ್ತದೆ. ಮೇವು ಬಿಟ್ಟು, ಬೆಳಕಿಗೆ ಹಿಡಿದರೆ ಮೈ ಪಾರದರ್ಶಕವಾಗಿ ಕಾಣುತ್ತದೆ. ನಾವು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ಬಿದಿರಿನ ತಟ್ಟೆಗೆ ಬಿಡುತ್ತೇವೆ. ನಿಮಗೆ ಕೋಳಿಮೊಟ್ಟೆ ಟ್ರೇ ಸಾಕು, ಗುಂಡಿಗೊಂದು ಹುಳು. ಗೂಡು ಕಟ್ಟಲು ಎರಡು ಮೂರು ದಿನ ಬೇಕು. ಆಮೇಲೆ ಹುಳು ಒಳಗೇ ಕೋಶ (ಪ್ಯೂಪಾ) ಆಗುತ್ತದೆ, ಅದು ಎಳೆಯದಾಗಿರುವವರೆಗೂ ಗೂಡನ್ನು ಅಲ್ಲಾಡಿಸಬೇಡಿ. ಆರೇಳು ದಿನವಾದ ಮೇಲೆ ಕಿವಿಯ ಹತ್ತಿರ ಅಲುಗಿಸಿ ನೋಡಿ, ಲೊಟಲೊಟ ಅನ್ನುತ್ತದೆ.

ಒಂದು ಗೂಡನ್ನು ಮಾತ್ರ ಬ್ಲೇಡಿನಿಂದ ತುದಿಯಲ್ಲಿ ಮೆಲ್ಲಗೆ ಕೊಯ್ಯಿರಿ. ಒಳಗೆ ಕಂದು ಕೋಶ, ಪಕ್ಕದಲ್ಲಿ ಮುದುಡಿ ಬಿದ್ದ ಹುಳುವಿನ ಕೊನೆಯ ಚರ್ಮ. ಕೋಶದ ಮೇಲೆ ರೆಕ್ಕೆಯ ಗುರುತು ಆಗಲೇ ಮೂಡಿರುತ್ತದೆ. ನೋಡಿ ವಾಪಸ್ ಇಡಿ, ಅದರಿಂದಲೂ ಚಿಟ್ಟೆ ಬರುತ್ತದೆ.

ಗೂಡು ಕಟ್ಟಿ ಮುಗಿದ ಸುಮಾರು ಹತ್ತು ಹನ್ನೆರಡು ದಿನಕ್ಕೆ, ಬೆಳ್ಳಂಬೆಳಗ್ಗೆ, ಗೂಡಿನ ತುದಿ ಒದ್ದೆ ಮಾಡಿಕೊಂಡು ಚಿಟ್ಟೆ ಹೊರಬರುತ್ತದೆ. ಅದು ಹಾರುವುದಿಲ್ಲ, ಏನೂ ತಿನ್ನುವುದೂ ಇಲ್ಲ. ರೆಕ್ಕೆ ಪಟಪಟ ಬಡಿಯುತ್ತಾ ಓಡಾಡುವುದು ಗಂಡು, ಹೊಟ್ಟೆ ದಪ್ಪ ಇರುವುದು ಹೆಣ್ಣು. ಕೂಡಿದ ಮೇಲೆ ಹೆಣ್ಣನ್ನು ಪೇಪರ್ ಮೇಲೆ ಬಿಟ್ಟರೆ 400–500 ಮೊಟ್ಟೆ ಇಡುತ್ತದೆ.

ಆ ಮೊಟ್ಟೆಯನ್ನು ಮಾತ್ರ ಯಾವ ರೈತರಿಗೂ ಕೊಡಬೇಡಿ. ಗಂಟುರೋಗ ಅನ್ನುವ ರೇಷ್ಮೆ ಹುಳುವಿನ ಕಾಯಿಲೆ (ಪೆಬ್ರಿನ್) ತಾಯಿಯಿಂದ ಮೊಟ್ಟೆಗೆ ದಾಟುತ್ತದೆ. ಅದಕ್ಕೇ ಮೊಟ್ಟೆ ತಯಾರಿಸುವ ಕಡೆ ತಾಯಿ ಚಿಟ್ಟೆಯನ್ನು ಅರೆದು, ಮೈಕ್ರೋಸ್ಕೋಪಿನಲ್ಲಿ ನೋಡಿ ಪಾಸು ಮಾಡುತ್ತಾರೆ. ಮಕ್ಕಳು ನೋಡಿ ಮುಗಿದ ಮೇಲೆ ಮೊಟ್ಟೆಯನ್ನು ಪೇಪರ್ ಸಮೇತ ಸುಟ್ಟುಬಿಡಿ. ಮತ್ತೆ ಸಾಕುವ ಆಸೆ ಇದ್ದರೆ ಚಾಕಿ ಹುಳುವನ್ನೇ ತನ್ನಿ.