ಬಕೆಟ್ಟಿನಲ್ಲೇ ಹದವಾಗಬೇಕು ಪಿಂಗಾಣಿ ಮಣ್ಣು

ಪಿಂಗಾಣಿ ಮಣ್ಣನ್ನು ಮೊದಲ ಸಲ ತಿಗರಿಗೆ ಏರಿಸಿದವರೆಲ್ಲ ಹೇಳುವುದು ಒಂದೇ: ‘ಇದು ಮಾತೇ ಕೇಳುವುದಿಲ್ಲ’. ಗೋಡೆ ಎತ್ತುವಷ್ಟರಲ್ಲಿ ಕುಸಿಯುತ್ತದೆ, ನೀರು ಒಂದಿಷ್ಟು ಹೆಚ್ಚಾದರೆ ಬುಡವೇ ಸಡಿಲವಾಗುತ್ತದೆ. ಕೈ ಪಳಗಿಲ್ಲ ಎಂದುಕೊಳ್ಳುತ್ತೇವೆ. ನನ್ನ ಅನುಭವದಲ್ಲಿ ಬಹಳಷ್ಟು ಸಲ ಎಡವಟ್ಟಾಗಿರುವುದು ಅದಕ್ಕೂ ಎರಡು ವಾರ ಮೊದಲು, ಬಕೆಟ್ಟಿನಲ್ಲಿ. ಪುಡಿ ಪೂರ್ತಿ ನೀರು ಕುಡಿಯುವ ತನಕ ಕಾದಿರುವುದಿಲ್ಲ, ಕುಡಿದ ನೀರನ್ನು ನಿಧಾನವಾಗಿ ಇಳಿಸಿರುವುದೂ ಇಲ್ಲ. ಪಿಂಗಾಣಿ ಕಲಸುವುದು ಮಣ್ಣಿನ ಕೆಲಸಕ್ಕಿಂತ ನೀರಿನ ಕೆಲಸ.

ನಾಲ್ಕು ಪುಡಿಗಳು

1280ರಿಂದ 1300 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಡುವ ಮಣ್ಣಿಗೆ ನಾನು ನೆಚ್ಚಿರುವ ಅಳತೆ ಇದು: ನೂರು ಭಾಗದಲ್ಲಿ 50 ಕೇಯೋಲಿನ್, 25 ಪೊಟ್ಯಾಶ್ ಫೆಲ್ಡ್‌ಸ್ಪಾರ್, 22 ಸಿಲಿಕಾ, 3 ಬೆಂಟೊನೈಟ್. ಲೆಕ್ಕವೆಲ್ಲ ಒಣಪುಡಿಯ ತೂಕದ್ದು. 10 ಕೆ.ಜಿ. ಮಾಡುವುದಾದರೆ ಕೇಯೋಲಿನ್ 5 ಕೆ.ಜಿ., ಫೆಲ್ಡ್‌ಸ್ಪಾರ್ ಎರಡೂವರೆ ಕೆ.ಜಿ., ಸಿಲಿಕಾ 2 ಕೆ.ಜಿ. 200 ಗ್ರಾಂ, ಬೆಂಟೊನೈಟ್ 300 ಗ್ರಾಂ. ಹದವಾದ ಮೇಲೆ ಸುಮಾರು 13 ಕೆ.ಜಿ. ಮಣ್ಣು ಕೈಗೆ ಬರುತ್ತದೆ.

ಕೇಯೋಲಿನ್ ಎಂದರೆ ಬಿಳಿ ಜೇಡಿಮಣ್ಣು. ಚೀನಾದ ಜಿಂಗ್‌ಡೆಝೆನ್ ಊರಿನ ಹತ್ತಿರದ ಗಾವೊಲಿಂಗ್ ಎಂಬ ಗುಡ್ಡದಿಂದ ಈ ಹೆಸರು ಬಂತು. ಚೀನಾದಲ್ಲಿ ಶತಮಾನಗಳಿಂದ ನಡೆದುಬಂದಿದ್ದ ಈ ವಿದ್ಯೆಯ ಗುಟ್ಟು ಯುರೋಪಿಗೆ ಬಹುಕಾಲ ದಕ್ಕಲಿಲ್ಲ. ಜರ್ಮನಿಯ ಮೈಸನ್‌ನಲ್ಲಿ ಕಾರ್ಖಾನೆ ಶುರುವಾದದ್ದು 1710ರಲ್ಲಿ. ಅಲ್ಲಿಯವರಿಗೂ ಕೊನೆಗೆ ಬೇಕಾದದ್ದು ಬಿಳಿ ಕೇಯೋಲಿನ್ ಮತ್ತು ಅದನ್ನು ಗಾಜಾಗಿಸುವಷ್ಟು ಬಿಸಿಯೇ.

ಈ ಕೇಯೋಲಿನ್ನಿಗೆ ಬಿಳುಪು ಇದೆ, ಜಿಗುಟು ಸಾಲದು. ಕಣಗಳು ದಪ್ಪ. ಆ ಕೊರತೆಯನ್ನು ತುಂಬುವುದು ಬೆಂಟೊನೈಟ್ ಎಂಬ ಅತಿ ಸಣ್ಣ ಕಣಗಳ ಜೇಡಿ. ನೀರು ಹೀರಿ ಊದಿಕೊಂಡು, ಉಳಿದ ಪುಡಿಗಳ ನಡುವೆ ಸೇರಿ ಹಿಡಿತ ಕೊಡುತ್ತದೆ. ಫೆಲ್ಡ್‌ಸ್ಪಾರ್ ಎಂಬ ಖನಿಜ ಆವಿಗೆಯ ಬಿಸಿಗೆ ಕರಗಿ ಗಾಜಾಗುತ್ತದೆ. ಪಿಂಗಾಣಿಯಲ್ಲಿ ಬೆಳಕು ಹಾಯುವುದು ಅದರಿಂದಲೇ. ಸಿಲಿಕಾ, ಎಂದರೆ ಬೆಣಚುಕಲ್ಲಿನ ನುಣುಪು ಪುಡಿ, ಕರಗುತ್ತಿರುವ ಪಾತ್ರೆ ಜೋತುಬೀಳದಂತೆ ಬಿಗಿ ಕೊಡುತ್ತದೆ. ಗ್ಲೇಜ್, ಎಂದರೆ ಪಾತ್ರೆಯ ಮೇಲಿನ ಗಾಜಿನಂಥ ಲೇಪ, ಬಿರುಕು ಬಿಡದೆ ಕೂರಲೂ ಅದು ಬೇಕು. 200 ಮೆಶ್ ಪುಡಿ, ಎಂದರೆ ಅಂಗುಲಕ್ಕೆ 200 ಕಣ್ಣಿರುವ ಜರಡಿಯಲ್ಲಿ ಇಳಿಯುವಷ್ಟು ನುಣುಪಾದದ್ದು, ಸಾಕು.

ಬಾಲ್ ಕ್ಲೇ ಎಂಬ ಹೆಚ್ಚು ಜಿಗುಟಿನ ಜೇಡಿಮಣ್ಣು ಸೇರಿಸಿದರೆ ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ಸುಲಭ ನಿಜ. ಆದರೆ ಅದರಲ್ಲಿರುವ ಕಬ್ಬಿಣ, ಟೈಟಾನಿಯಂ ಅಂಶಕ್ಕೆ ಬಿಳುಪು ಮಂಕಾಗುತ್ತದೆ, ಬೆಳಕೂ ಹಾಯುವುದಿಲ್ಲ. ಈ ಎರಡನ್ನು ಕಳೆದುಕೊಂಡ ಮೇಲೆ ಪಿಂಗಾಣಿಗಾಗಿ ಇಷ್ಟು ಕಷ್ಟಪಡುವುದು ಯಾಕೆ?

ಧೂಳಿನ ವಿಷಯದಲ್ಲಿ ರಾಜಿ ಬೇಡ

ಸಿಲಿಕಾ ಧೂಳು ಶ್ವಾಸಕೋಶದೊಳಗೆ ಹೋದರೆ ಅಲ್ಲೇ ಗಾಯ ಮಾಡಿ ಉಳಿಯುತ್ತದೆ. ಸಿಲಿಕೋಸಿಸ್ ಬಂದರೆ ವಾಸಿಯಾಗುವುದಿಲ್ಲ. ಪುಡಿ ತೂಗುವಾಗ ಬಟ್ಟೆ ಕಟ್ಟಿಕೊಂಡರೆ ಸಾಲದು, ಕನಿಷ್ಠ ಎನ್95 ಮುಖಗವಸು ಬಿಗಿಯಾಗಿ ಕೂರಬೇಕು. ಫ್ಯಾನ್ ಹಾಕಬೇಡಿ. ನೆಲಕ್ಕೆ ಚೆಲ್ಲಿದ್ದನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಮಕ್ಕಳಿರುವ ಕೋಣೆಯಲ್ಲಂತೂ ಈ ಕೆಲಸ ಬೇಡವೇ ಬೇಡ.

ನೆನೆಹಾಕುವುದು

ಬೆಂಟೊನೈಟನ್ನು ನೇರವಾಗಿ ನೀರಿಗೆ ಹಾಕಿದರೆ ಉಂಡೆ ಕಟ್ಟುತ್ತದೆ. ಹೊರಗೆ ಲೋಳೆ, ಒಳಗೆ ಒಣಪುಡಿ; ಎಷ್ಟು ಕಲಕಿದರೂ ಒಡೆಯುವುದಿಲ್ಲ. ಆದ್ದರಿಂದ ಅದನ್ನು ಸಿಲಿಕಾ ಜೊತೆ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ, ಮುಚ್ಚಿ, ನೆಲದ ಮೇಲೆ ಕೆಲವು ನಿಮಿಷ ಉರುಳಾಡಿಸಿ. ಧೂಳು ಕೂರುವ ತನಕ ಬಿಟ್ಟು ಮುಚ್ಚಳ ತೆಗೆಯಿರಿ.

ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರ್ ನೀರು ಮೊದಲೇ ಇರಲಿ. ನೀರಿಗೆ ಪುಡಿ ಹಾಕಬೇಕೇ ಹೊರತು ಪುಡಿಗೆ ನೀರು ಸುರಿಯಬಾರದು. ಮೊದಲು ಬೆಂಟೊನೈಟ್ ಬೆರೆತ ಸಿಲಿಕಾ, ಆಮೇಲೆ ಕೇಯೋಲಿನ್, ಕಡೆಗೆ ಫೆಲ್ಡ್‌ಸ್ಪಾರ್. ಬೊಗಸೆ ಬೊಗಸೆಯಾಗಿ ಮೇಲಿನಿಂದ ಉದುರಿಸಿ. ಬಿಳಿ ಪುಡಿ ಒಂದು ಗಳಿಗೆ ನೀರಿನ ಮೇಲೆ ದ್ವೀಪದಂತೆ ತೇಲುತ್ತದೆ. ಅಂಚಿನಿಂದ ಒದ್ದೆಯಾಗುತ್ತಾ ಬಣ್ಣ ಗಾಢವಾಗಿ, ಸಣ್ಣ ಗುಳ್ಳೆ ಬಿಟ್ಟು ಮುಳುಗುತ್ತದೆ. ಅದು ಮುಳುಗಿದ ಮೇಲೆಯೇ ಮುಂದಿನ ಬೊಗಸೆ. ಕೈಯಾಡಿಸುವ ಆಸೆಯನ್ನು ಇಲ್ಲಿ ತಡೆದುಕೊಳ್ಳಬೇಕು. ಕಲಕಿದರೆ ಗಾಳಿ ಸಿಕ್ಕಿಕೊಂಡು ಗಂಟಾಗುತ್ತದೆ.

ರಾತ್ರಿಯಿಡೀ ನೆನೆಯಲಿ. ಮರುದಿನ ಡ್ರಿಲ್ಲಿಗೆ ಸಿಕ್ಕಿಸಿದ ಕಲಕುವ ಕಡ್ಡಿಯಿಂದ ಚೆನ್ನಾಗಿ ಕಲಕಿ, 80 ಮೆಶ್ ಜರಡಿಯಲ್ಲಿ ಸೋಸಿ. ಹಾಲಿನ ಕೆನೆಯಂಥ ದ್ರವ ಸಿಗುತ್ತದೆ. ಮತ್ತೆ ಎರಡು ಮೂರು ದಿನ ಮುಚ್ಚಿಡಿ. ಮೇಲೆ ತಿಳಿನೀರು ನಿಂತರೆ ಬಗ್ಗಿಸಿ. ಬೆಂಟೊನೈಟ್ ಇರುವುದರಿಂದ ಹೆಚ್ಚೇನೂ ನಿಲ್ಲುವುದಿಲ್ಲ.

ನೀರು ಇಳಿಸುವುದು

ಪ್ಲಾಸ್ಟರ್ ಆಫ್ ಪ್ಯಾರಿಸ್ ಹಲಗೆಯ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ಅದರ ಮೇಲೆ ನಾಲ್ಕೈದು ಸೆಂಟಿಮೀಟರ್ ದಪ್ಪಕ್ಕೆ ಸುರಿಯಿರಿ. ಬಟ್ಟೆ ಮರೆಯಬೇಡಿ. ಪ್ಲಾಸ್ಟರಿನ ಒಂದು ಚೂರು ಮಣ್ಣಿಗೆ ಸೇರಿದರೂ ಸುಟ್ಟ ಮೇಲೆ ಆ ಜಾಗದಲ್ಲಿ ಕುಳಿ ಬೀಳುತ್ತದೆ. ಬಿಸಿಲಿಗಿಟ್ಟರೆ ಅಂಚು ಒಣಗಿ ನಡು ಹಸಿಯಾಗಿಯೇ ಇರುತ್ತದೆ, ಆ ಗಟ್ಟಿ ಚೂರುಗಳು ತಿಗರಿಯ ಮೇಲೆ ಬೆರಳಿಗೆ ಎಡವುತ್ತವೆ. ನೆರಳೇ ಒಳ್ಳೆಯದು. ಅಂಚು ಬಟ್ಟೆ ಬಿಟ್ಟು ಏಳತೊಡಗಿದಾಗ ಮಗುಚಿ ಹಾಕಿ. ಬೆರಳಿಗೆ ಅಂಟದೆ, ಒತ್ತಿದರೆ ಗುರುತು ಉಳಿಯುವಂತಾದಾಗ ತೆಗೆಯಿರಿ.

ಆಮೇಲೆ ನಾದುವುದು. ತಂತಿಯಿಂದ ಕತ್ತರಿಸಿ ಒಳಮೈ ನೋಡಿ, ಗಾಳಿಯ ತೂತು ಕಾಣದವರೆಗೂ ನಾದಿ. ಕಿರುಬೆರಳಿನ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿದರೆ ಸಣ್ಣಪುಟ್ಟ ಬಿರುಕು ಬಿಡುವುದು ಸಹಜ; ಮುರಿದೇ ಹೋದರೆ ಇನ್ನೂ ಮಾಗಿಲ್ಲ ಎಂದರ್ಥ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಕನಿಷ್ಠ ಎರಡು ವಾರ ಇಡಿ. ಎರಡು ತಿಂಗಳಾದರೆ ಇನ್ನೂ ವಾಸಿ. ಒಂಥರಾ ಕೊಳೆತ ವಾಸನೆ ಬಂದರೆ ಹೆದರಬೇಡಿ, ಅದು ಮಾಗುತ್ತಿರುವ ಲಕ್ಷಣ. ತೆಗೆದಾಗ ಕಲ್ಲಿನಂತೆ ಬಿಗಿ ಅನಿಸಿದರೂ ನೀರು ಸೇರಿಸಬೇಡಿ. ಒಮ್ಮೆ ನಾದಿದರೆ ಸಾಕು, ತಾನಾಗಿ ಸಡಿಲಗೊಳ್ಳುತ್ತದೆ.

ಒಂದು ಮಾತು ಒತ್ತಿ ಹೇಳಬೇಕು. ಕೆಂಪು ಮಣ್ಣಿನ ಕೆಲಸಕ್ಕೆ ಬಳಸಿದ್ದ ಬಕೆಟ್ಟನ್ನು ತೊಳೆದು ನಾನು ಪಿಂಗಾಣಿಗೆ ಬಳಸಿದ್ದೆ. ಹಸಿಯಲ್ಲಿ, ಒಣಗಿದಾಗ, ಮೊದಲ ಸುಡುವಿಕೆಯಲ್ಲಿ ಏನೂ ಕಾಣಲಿಲ್ಲ. ಗ್ಲೇಜ್ ಹಾಕಿ ಸುಟ್ಟು ಆವಿಗೆ ತೆರೆದಾಗ ಪ್ರತಿ ಬಟ್ಟಲಿನ ಮೇಲೂ ಕಂದು ಚುಕ್ಕೆಗಳಿದ್ದವು. ಅಂದಿನಿಂದ ಪಿಂಗಾಣಿಯ ಬಕೆಟ್, ಜರಡಿ, ಸ್ಪಂಜು ಎಲ್ಲವೂ ಬೇರೆ. ತುಕ್ಕು ಹಿಡಿದ ಯಾವುದೂ ಅದರ ಹತ್ತಿರ ಸುಳಿಯುವುದಿಲ್ಲ.

ಸ್ಲಿಪ್

ಹಿಡಿಕೆ ಅಂಟಿಸಲು, ಮೇಲೆ ಬಳಿಯಲು ಅದೇ ಮಣ್ಣಿನ ಸ್ಲಿಪ್ಪೇ, ಎಂದರೆ ನೀರಿನಲ್ಲಿ ಕದಡಿದ ಮಣ್ಣೇ, ಆಗಬೇಕು. ಬೇರೆ ಮಣ್ಣಿನದಾದರೆ ಕುಗ್ಗುವ ಪ್ರಮಾಣ ಬೇರೆಯಾಗಿ ಕಿತ್ತುಬರುತ್ತದೆ. ಹೆರೆದ ತುಣುಕುಗಳನ್ನು ಪೂರ್ತಿ ಒಣಗಿಸಿ ನೀರಿಗೆ ಹಾಕಿ. ಪೂರ್ತಿ ಒಣಗಿದ ತುಣುಕು ಸೊರ್ರನೆ ಗುಳ್ಳೆ ಬಿಟ್ಟು ಪದರ ಪದರವಾಗಿ ಕುಸಿಯುತ್ತದೆ. ಅರೆಹಸಿ ತುಣುಕು ದಿನಗಟ್ಟಲೆ ಹಾಗೇ ಕೂತಿರುತ್ತದೆ. ಸೋಸಿ, ಅಂಟಿಸುವುದಕ್ಕಾದರೆ ಗಟ್ಟಿಯಾಗಿಟ್ಟುಕೊಂಡು ಕೆಲವು ಹನಿ ವಿನೆಗರ್ ಬೆರೆಸಿ.

ಅಚ್ಚಿಗೆ ಎರೆಯುವ ಸ್ಲಿಪ್ ಬೇರೆಯೇ. ಅದಕ್ಕೆ ಬೆಂಟೊನೈಟ್ ಹಾಕಬೇಡಿ, ಅಚ್ಚಿನಲ್ಲಿ ಗೋಡೆ ಕಟ್ಟುವುದನ್ನು ಅದು ನಿಧಾನಗೊಳಿಸುತ್ತದೆ. 10 ಕೆ.ಜಿ. ಪುಡಿಗೆ ನಾಲ್ಕೇ ಲೀಟರ್ ನೀರು. ಅಷ್ಟು ಕಡಿಮೆ ನೀರಿನಲ್ಲಿ ಹರಿಯುವಂತೆ ಮಾಡುವುದು ಸೋಡಿಯಂ ಸಿಲಿಕೇಟ್, 30ರಿಂದ 40 ಗ್ರಾಂ. ಅದನ್ನು ನೀರಿನಲ್ಲಿ ಕರಗಿಸಿಕೊಂಡು ಹನಿ ಹನಿಯಾಗಿಯೇ ಬೆರೆಸಿ. ಹೆಚ್ಚಾದರೆ ಮತ್ತೆ ಗಟ್ಟಿಯಾಗುತ್ತದೆ. 100 ಮಿಲಿಲೀಟರ್ ತೂಗಿದರೆ 175ರಿಂದ 180 ಗ್ರಾಂ ಇರಬೇಕು.

ಮೊದಲು ಒಂದು ಪಟ್ಟಿ ಸುಡಿ

ಹೊಸ ಮಣ್ಣಿನ ಒಂದು ಪಟ್ಟಿ ಮಾಡಿ, ಹಸಿಯಿರುವಾಗಲೇ ಸರಿಯಾಗಿ 10 ಸೆಂಟಿಮೀಟರ್ ಗೆರೆ ಎಳೆಯಿರಿ. ಸುಟ್ಟ ಮೇಲೆ ಗೆರೆ 8.7ಕ್ಕೆ ಇಳಿದಿದ್ದರೆ ಶೇ 13ರಷ್ಟು ಕುಗ್ಗಿದೆ. ಪಿಂಗಾಣಿಗೆ ಇದು ಸಹಜ. ಆ ಪಟ್ಟಿಯನ್ನೇ ತೂಗಿ, ಐದು ಗಂಟೆ ನೀರಿನಲ್ಲಿ ಕುದಿಸಿ, ಒಂದು ದಿನ ಅದರಲ್ಲೇ ಬಿಟ್ಟು, ಒರೆಸಿ ಮತ್ತೆ ತೂಗಿ. 200 ಗ್ರಾಂ ಇದ್ದದ್ದು 201 ಗ್ರಾಂ ಮೀರಬಾರದು. ಮೀರಿದರೆ ಮಣ್ಣು ಪೂರ್ತಿ ಗಾಜಾಗಿಲ್ಲ. ಮುಂದಿನ ಸಲ ಸಿಲಿಕಾ ಎರಡು ಭಾಗ ಇಳಿಸಿ ಫೆಲ್ಡ್‌ಸ್ಪಾರ್ ಎರಡು ಭಾಗ ಏರಿಸಿ. ಪಟ್ಟಿ ಬಾಗಿ ಜೋತುಬಿದ್ದಿದ್ದರೆ ಇದನ್ನೇ ತಿರುಗಾಮುರುಗಾ ಮಾಡಿ, ಇನ್ನೊಂದು ಪಟ್ಟಿ ಸುಡಿ.