ದಶಮಾಂಶ ಕೊಟ್ಟೆ, ತೆರಿಗೆ ಮುಚ್ಚಿಟ್ಟೆ

ಬಹಳ ವರ್ಷ ನಾನು ಮತ ಹಾಕಲಿಲ್ಲ. ನಮ್ಮ ಪೌರತ್ವ ಪರಲೋಕದ್ದು ಎಂಬ ಮಾತು ಬೈಬಲಿನಲ್ಲಿ ಫಿಲಿಪ್ಪಿಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿದೆ. ಲೋಕದ ಆಳ್ವಿಕೆ ಲೋಕದವರಿಗಿರಲಿ, ನನಗೆ ಪ್ರಾರ್ಥನೆ ಸಾಕು ಎಂದು ಅದನ್ನೇ ಗುರಾಣಿಯಾಗಿ ಹಿಡಿದಿದ್ದೆ.

ಆ ಗುರಾಣಿಯನ್ನು ಕೈಯಿಂದ ಕಿತ್ತುಕೊಂಡವನು ಆ ಮಾತನ್ನು ಬರೆದ ಪೌಲನೇ, ಯೇಸುವಿನ ಸಂದೇಶ ಸಾರಿದ ಅಪೊಸ್ತಲ. ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 22ನೇ ಅಧ್ಯಾಯದಲ್ಲಿ ರೋಮಿನ ಸೈನಿಕರು ಅವನನ್ನು ಕೊರಡೆಗಳಿಂದ ಹೊಡೆಯಲು ಕಟ್ಟುತ್ತಾರೆ. ಅವನು ಸುಮ್ಮನೆ ಬೆನ್ನೊಡ್ಡುವುದಿಲ್ಲ. ವಿಚಾರಣೆಯಿಲ್ಲದೆ ರೋಮಿನ ಪೌರನನ್ನು ಹೊಡೆಯುವುದು ನ್ಯಾಯವೋ ಎಂದು ಶತಾಧಿಪತಿಯನ್ನು ಕೇಳುತ್ತಾನೆ. 25ನೇ ಅಧ್ಯಾಯದಲ್ಲಿ ರೋಮಿನ ಚಕ್ರವರ್ತಿಯಾದ ಕೈಸರನಿಗೇ ಮೇಲ್ಮನವಿ ಸಲ್ಲಿಸುತ್ತಾನೆ. ಪರಲೋಕವನ್ನು ಅಷ್ಟು ಹಂಬಲಿಸಿದವನು ಭೂಮಿಯ ಮೇಲಿನ ಹಕ್ಕನ್ನು ಬಿಟ್ಟುಕೊಡಲಿಲ್ಲ.

ನಾನು ಮೊದಲು ಸರಿಪಡಿಸಿಕೊಂಡದ್ದು ಮತದ ವಿಷಯವನ್ನಲ್ಲ, ತೆರಿಗೆಯ ವಿಷಯವನ್ನು. ಸಂಬಳದ ಜೊತೆಗೆ ಮನೆಪಾಠದಿಂದ ನಗದು ಬರುತ್ತಿತ್ತು. ಅದನ್ನು ತೆರಿಗೆ ಲೆಕ್ಕದಲ್ಲಿ ತೋರಿಸುತ್ತಿರಲಿಲ್ಲ. ಅದೇ ಹಣದ ಹತ್ತರಲ್ಲೊಂದು ಪಾಲು, ಅಂದರೆ ದಶಮಾಂಶ, ಮಾತ್ರ ಪ್ರತಿ ತಿಂಗಳೂ ತಪ್ಪದೆ ನಮ್ಮ ಕ್ರೈಸ್ತ ಸಭೆಯ ಕಾಣಿಕೆಗೆ ಹೋಗುತ್ತಿತ್ತು. ಅಂದರೆ ನನ್ನ ನಿಜವಾದ ಆದಾಯ ಎಷ್ಟೆಂದು ನನಗೆ ಪೈಸೆ ಲೆಕ್ಕದಲ್ಲಿ ಗೊತ್ತಿತ್ತು! ಒಂದು ರಾತ್ರಿ ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟುಕೊಂಡಾಗ ಆ ಕಾಣಿಕೆಯ ಲಕೋಟೆಯೇ ನನ್ನ ವಿರುದ್ಧ ಸಾಕ್ಷಿ ಹೇಳಿತು. ದೇವರದನ್ನು ದೇವರಿಗೆ ಕೊಡಿ ಎನ್ನುವ ಮುಂಚೆ ಯೇಸು ಕೈಸರನದನ್ನು ಕೈಸರನಿಗೆ ಕೊಡಿ ಎಂದಿದ್ದಾನೆ. ನಾನು ಅರ್ಧ ವಾಕ್ಯವನ್ನು ನುಂಗಿದ್ದೆ. ಹಿಂದಿನ ಬಾಕಿಯನ್ನು ಬಡ್ಡಿಯೊಂದಿಗೆ ಕಟ್ಟಿದೆ. ಕೂಡಿಟ್ಟದ್ದೆಲ್ಲ ಕರಗಿತು. ಮನೆಯವರಿಗೆ ಇದನ್ನು ವಿವರಿಸುವುದು ಹಣ ಕಟ್ಟುವುದಕ್ಕಿಂತ ಕಷ್ಟವಾಯಿತು.

ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸಿರಿ ಎಂದು ತಿಮೊಥೆಗೆ ಬರೆದ ಮೊದಲ ಪತ್ರ ಹೇಳುತ್ತದೆ. ನಾನು ಒಪ್ಪದ ನಾಯಕರ ಹೆಸರನ್ನೂ ಎತ್ತಿ ಪ್ರಾರ್ಥಿಸುತ್ತೇನೆ. ಎದ್ದ ಮೇಲೆ ಅವರ ನಿರ್ಧಾರವನ್ನು ಆಕ್ಷೇಪಿಸಿ ಪತ್ರವನ್ನೂ ಬರೆಯುತ್ತೇನೆ. ಮೊಣಕಾಲೂರಿ ಎದ್ದ ಮೇಲೆ ಬರೆಯುವ ಪತ್ರದಲ್ಲಿ ಬೈಗುಳ ನುಸುಳುವುದಿಲ್ಲ, ವಿಷಯ ಮಾತ್ರ ಉಳಿಯುತ್ತದೆ.

ವಿಧೇಯತೆಗೂ ಒಂದು ಗೆರೆಯಿದೆ. ಸುಳ್ಳು ಹಾಜರಿ ಪಟ್ಟಿಗೆ ಸಹಿ ಹಾಕೆಂದು ಮೇಲಧಿಕಾರಿ ಹೇಳಿದಾಗ ಒಲ್ಲೆನೆಂದೆ. ಬಡ್ತಿ ತಪ್ಪಿತು. ಅಧಿಕಾರಿಗಳಿಗೆ ಅಧೀನರಾಗಿರಿ ಎಂಬ ರೋಮಾಪುರದವರ ಪತ್ರದ 13ನೇ ಅಧ್ಯಾಯವನ್ನು, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದ ಅಪೊಸ್ತಲರ ಉತ್ತರದೊಂದಿಗೆ ಸೇರಿಸಿಯೇ ಓದಬೇಕೆಂದು ಆ ದಿನ ಅರಿತೆ.

ಈಗ ಪ್ರತಿ ಚುನಾವಣೆಯಲ್ಲೂ ಮತ ಹಾಕುತ್ತೇನೆ. ಯಾರಿಗೆ ಹಾಕಬೇಕೆಂದು ಸಭೆಯ ಯುವಕರು ಕೇಳಿದರೆ ಹೆಸರು ಹೇಳುವುದಿಲ್ಲ. ವಿಧವೆಗೆ, ಅನಾಥನಿಗೆ, ಪರದೇಶಿಗೆ ಈ ಅಭ್ಯರ್ಥಿ ಏನು ಮಾಡಿದ್ದಾನೆಂದು ಹುಡುಕಿ ನೋಡಿ, ನಮ್ಮ ಸಭೆಗೆ ಏನು ಸಿಗುತ್ತದೆ ಎಂಬುದನ್ನು ಕೊನೆಗೆ ಕೇಳಿ ಎನ್ನುತ್ತೇನೆ.